ಮೂರನೇ ಮಹಡಿಯ ಕಂಬಿ

ಮೂರನೇ ಮಹಡಿಯ ಮೆಟ್ಟಿಲಿನ ಕಂಬಿ ಕಿತ್ತುಬಂದು ಗಣಿತದ ಮೇಷ್ಟ್ರು ಕೆಳಗೆ ಬಿದ್ದ ದಿನವೇ ಪೊಲೀಸರು ವೆಲ್ಡರನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಹೋದರು. ಆರು ವರ್ಷದ ಹಿಂದೆ ಆ ಕಂಬಿ ಕೂರಿಸಿದವನು ಅವನೇ. ಮೇಷ್ಟ್ರ ಸೊಂಟ ಮುರಿದಿತ್ತು. ಕಳಪೆ ಬೆಸುಗೆಯೇ ಕಾರಣವೆಂದು ಕಟ್ಟಡದ ಮಾಲೀಕ ಬರೆದುಕೊಟ್ಟಿದ್ದ.

ಹತ್ತು ದಿನಗಳ ನಂತರ ಜಾಮೀನಿನ ಮೇಲೆ ಹೊರಬಂದಾಗ ಅಂಗಡಿಯ ಶಟರಿನ ಮೇಲೆ ಯಾರೋ ಇದ್ದಿಲಿನಲ್ಲಿ 'ಕೊಲೆಗಡಕ' ಎಂದು ಗೀಚಿದ್ದರು. ಅವನ ಹೆಂಡತಿಯ ತಾಯಿ ಬಕೆಟ್ ಇಟ್ಟುಕೊಂಡು ಅದನ್ನು ತಿಕ್ಕುತ್ತಿದ್ದಳು.

"ಡಕಾರಕ್ಕೆ ಕೊಂಬು ಹಾಕೋಕೆ ಬರಲ್ಲ, ನನ್ನ ಅಳಿಯನ ತಲೆ ಮೇಲೆ ಕೊಂಬು ಇಡೋಕೆ ಬಂದಿದಾರೆ!"

"ಅತ್ತೆ, ನನ್ನ ಬೆಸುಗೆ ಹಾಗೆ ಬಿಡಲ್ಲ. ಮುರಿದ ತುಂಡು ಒಂದ್ಸಲ ನೋಡಬೇಕು. ನನ್ನ ತಪ್ಪೇ ಆಗಿದ್ರೆ ನಾನೇ ಹೋಗಿ ಒಳಗೆ ಕೂರ್ತೀನಿ."

"ನಡಿ, ನಾನೂ ಬರ್ತೀನಿ," ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು.

ಕಟ್ಟಡದಲ್ಲಿ ಆಗಲೇ ಹೊಸ ಕಂಬಿ ನಿಂತಿತ್ತು. ಪೊಲೀಸರು ಹಳೆಯದರ ಫೋಟೊ ತೆಗೆದು ಅಲ್ಲೇ ಬಿಟ್ಟಿದ್ದರು. ಕಾವಲುಗಾರ ಆಚೀಚೆ ನೋಡಿ ಮೆಲ್ಲಗೆ ಹೇಳಿದ: "ಬೆಳಿಗ್ಗೆ ಗುಜರಿಗೆ ಕಳಿಸಿದ್ರು. ಮೂರು ಗಂಟೆಗೆ ಲಾರಿ ಕುಲುಮೆಗೆ ಹೋಗುತ್ತೆ."

ಗಂಟೆ ಎರಡೂವರೆ. ವೆಲ್ಡರ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ. "ನಾಳೆ ನೋಡೋಣ," ಎಂದು ಅವರು ಇಟ್ಟುಬಿಟ್ಟರು.

ಗುಜರಿ ಅಂಗಳ ಮುಟ್ಟಿದಾಗ ಲಾರಿಯ ಎಂಜಿನ್ ಗುರುಗುಟ್ಟುತ್ತಿತ್ತು. ಕಬ್ಬಿಣದ ರಾಶಿಯ ನಡುವೆ ಹಸಿರು ಬಣ್ಣದ ಕಂಬಿ ಮೂತಿ ಹೊರಚಾಚಿತ್ತು. ಅದನ್ನು ಎಳೆಯಲು ಹೋದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ. ತಾನು ಮುಟ್ಟಿದರೆ, ತಾನೇ ಏನೋ ಮಾಡಿಟ್ಟ ಎನ್ನುತ್ತಾರೆ.

"ಅತ್ತೆ, ಲಾರಿ ನಿಲ್ಲಬೇಕು."

ಅವಳು ಹೋಗಿ ಲಾರಿಯ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಚಾಲಕ ಹಾರ್ನ್ ಬಾರಿಸಿದ.

"ಬಲಗಿವಿ ಕೇಳಲ್ಲಪ್ಪ, ಎಡಗಡೆ ಬಂದು ಬಾರಿಸು!"

ಚಾಲಕ ಕೂಗಾಡಿ ಸೋತು ಕೊನೆಗೆ ಪೊಲೀಸರಿಗೇ ದೂರು ಕೊಟ್ಟ. ನಾಳೆ ನೋಡೋಣವೆಂದಿದ್ದ ಇನ್ಸ್‌ಪೆಕ್ಟರ್ ಹತ್ತೇ ನಿಮಿಷದಲ್ಲಿ ಜೀಪಿನಿಂದ ಇಳಿದರು.

"ಏನಯ್ಯ ಇದು ರಂಪ?"

"ನಾನು ಮುಟ್ಟಿಲ್ಲ ಸಾರ್. ನೀವೇ ಇಳಿಸಿ, ಮುರಿದ ಜಾಗ ಕೆರೆದು ನೋಡಿ. ನಾನು ಬರೀ ಕಬ್ಬಿಣಕ್ಕೆ ಬೆಸುಗೆ ಹಾಕಿದ್ದೆ, ಬಣ್ಣ ಬಳಿದಿದ್ದು ಆಮೇಲೆ. ಅದು ನನ್ನ ಬೆಸುಗೆಯಾದ್ರೆ ಒಳಗೆ ಬಣ್ಣ ಇರಬಾರದು."

ಇನ್ಸ್‌ಪೆಕ್ಟರ್ ಜೀಪಿನ ಬೀಗದಕೈಯಿಂದ ಕೆರೆದರು. ಬೆಸುಗೆಯ ಪದರ ಹಕ್ಕಳೆಯಂತೆ ಎದ್ದುಬಂತು. ಅದರಡಿಯಲ್ಲಿ ಬೆಂಕಿಗೆ ಗುಳ್ಳೆಯೆದ್ದು ಕಪ್ಪಾದ ಹಸಿರು ಬಣ್ಣ. ಅವರು ಬಾಗಿ ಇನ್ನೊಮ್ಮೆ ಕೆರೆದರು. ಅಲ್ಲೂ ಅದೇ.

"ಅಂದ್ರೆ ಬಣ್ಣ ಆದ್ಮೇಲೆ ಯಾರೋ ಕತ್ತರಿಸಿ ಮತ್ತೆ ಅಂಟಿಸಿದಾರೆ," ಎಂದರು, ಈ ಸಲ ದನಿ ತಗ್ಗಿಸಿ.

"ಅದೇ ಸಾರ್. ಪಕ್ಕದಲ್ಲಿರೋ ನನ್ನ ಬೆಸುಗೆ ನೋಡಿ, ಕೂದಲಷ್ಟೂ ಬಿರುಕಿಲ್ಲ."

ತುಂಡಿಗೆ ಮೊಹರು ಬಿತ್ತು. ಸಂಜೆ ಠಾಣೆಯಲ್ಲಿ ಕಾವಲುಗಾರ ಬಾಯಿಬಿಟ್ಟ. ಹೋದ ವರ್ಷ ದೊಡ್ಡದೊಂದು ಅಚ್ಚಿನ ಯಂತ್ರ ಮೇಲೇರಿಸಲು ಮಾಲೀಕನೇ ನಿಂತು ಕಂಬಿ ಕತ್ತರಿಸಿ, ಆಮೇಲೆ ಮತ್ತೆ ಬೆಸುಗೆ ಹಾಕಿಸಿದ್ದ. ಕೆಲಸ ಹೋದೀತೆಂದು ತಾನು ಸುಮ್ಮನಿದ್ದೆ ಎಂದ.

ಮುಂದಿನ ತಿಂಗಳು ನ್ಯಾಯಾಧೀಶರು ವೆಲ್ಡರನನ್ನು ಬಿಟ್ಟು ಮಾಲೀಕನ ಮೇಲೆ ಮೊಕದ್ದಮೆ ಹೂಡಲು ಹೇಳಿದರು. ವೆಲ್ಡರ್ ನೆಟ್ಟಗೆ ಆಸ್ಪತ್ರೆಗೆ ಹೋದ. ಅವನನ್ನು ಕಂಡು ಮೇಷ್ಟ್ರು ಮುಖ ಅತ್ತ ತಿರುಗಿಸಿದರು.

"ಪೊಲೀಸರ ಮುಂದೆ ಬಾಯಿಗೆ ಬಂದಹಾಗೆ ಬೈದುಬಿಟ್ಟೆ ನಿನ್ನ."

"ಗೊತ್ತು ಮೇಷ್ಟ್ರೇ. ಆ ಬೈಗುಳ ನ್ಯಾಯಾಲಯದಲ್ಲಿ ಬೇಕಾಗುತ್ತೆ, ಮಾಲೀಕನಿಗೆ ಉಳಿಸಿಟ್ಕೊಳ್ಳಿ."

ಮೇಷ್ಟ್ರು ನಗಲು ಹೋಗಿ ಸೊಂಟ ಹಿಡಿದುಕೊಂಡರು. ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ.