ಹಿಲರಿಯವರ ಕೈಬರಹ

ರಾಜಾಜಿನಗರದಲ್ಲಿ ಒಂದು ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ಲಕ್ಷ್ಮೀಪತಿಯವರ ಆಫೀಸು. ಹೊರದೇಶದ ಕಂಪನಿಗಳಿಗೆ ಬೇಕಾದ ಬರವಣಿಗೆಯನ್ನು ಇಲ್ಲಿಂದ ಬರೆದು ಕಳಿಸುವುದು ಅವರ ವ್ಯಾಪಾರ. ಕರ್ಟನ್ನು, ನಾಯಿ ಬಿಸ್ಕತ್ತು, ಮೊಣಕಾಲಿಗೆ ಕಟ್ಟುವ ಪಟ್ಟಿ, ಯಾವುದನ್ನು ಬೇಕಾದರೂ ನೂರೈವತ್ತು ಪದಗಳಲ್ಲಿ ಹೊಗಳಲು ಅಲ್ಲಿ ಆರು ಜನ ಇದ್ದರು. ಅವರಲ್ಲೊಬ್ಬಳು ಗುರುದೇವಿ. ಗದಗ ಕಡೆಯವಳು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಬಂದು, ನಾಗರಬಾವಿಯಲ್ಲಿ ಲಾ ಓದುತ್ತಿದ್ದ ರಕ್ಷಾ ಜೊತೆ ರೂಮು ಹಂಚಿಕೊಂಡು ಮೂರು ವರ್ಷವಾಗಿತ್ತು. ನಾಯಿ ಬಿಸ್ಕತ್ತಿನ ಬಗ್ಗೆ ತಾನೇ ತಿಂದು ನೋಡಿದವಳ ಹಾಗೆ ಬರೆಯುತ್ತಾಳೆ ಎಂದು ಆಫೀಸಿನಲ್ಲಿ ಅವಳಿಗೆ ಹೆಸರಿತ್ತು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಲಕ್ಷ್ಮೀಪತಿ ಎಲ್ಲರನ್ನೂ ಕರೆದು, ಈ ಸಲ ಸಿಕ್ಕಿರುವುದು ದೊಡ್ಡ ಕೆಲಸ, ಇಂಗ್ಲೆಂಡಿನ ಎಲೆಕ್ಷನ್ನು ಎಂದರು. ಅಷ್ಟು ದೊಡ್ಡದೇನೂ ಆಗಿರಲಿಲ್ಲ. ವಿನ್ಸ್‌ಬಿ ಎಂಬ ಸಣ್ಣ ಊರಿನ ಒಂದು ವಾರ್ಡಿಗೆ ಕೌನ್ಸಿಲರ್ ತೀರಿಕೊಂಡು ಉಪಚುನಾವಣೆ ಬಂದಿತ್ತು. ಕೆಲಸ ಕೊಟ್ಟವನು ಕಾಲಿನ್ ಎಂಬ ಚುನಾವಣಾ ಏಜೆಂಟು. ಅವನ ಪಕ್ಷ ಆ ವಾರ್ಡಿನಲ್ಲಿ ಹದಿನಾರು ವರ್ಷದಿಂದ ಮೂರನೇ ಸ್ಥಾನಕ್ಕೆ ಅಂಟಿಕೊಂಡು ಕೂತಿತ್ತು.

ಕಾಲಿನ್ ವಿಡಿಯೋ ಕಾಲಿನಲ್ಲಿ ತನ್ನ ಯುದ್ಧತಂತ್ರ ವಿವರಿಸಿದ. ಪಕ್ಷದ ಹೆಸರನ್ನು ಕರಪತ್ರದ ಕೊನೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹಾಕಬೇಕು. ಅಭ್ಯರ್ಥಿ ಒಂದು ರಸ್ತೆಗುಂಡಿಯ ಪಕ್ಕ ನಿಂತು, ಹತ್ತಿರದವರು ಯಾರೋ ಹೋಗಿಬಿಟ್ಟಂಥ ಮುಖ ಮಾಡಿಕೊಂಡು, ಅದಕ್ಕೆ ಬೆರಳು ತೋರಿಸುವ ಫೋಟೊ ಇರಬೇಕು. ನಾಗರಬಾವಿಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ಒಂದೊಂದು ಗುಂಡಿಗೂ ಹಾಗೆ ಬೆರಳು ತೋರಿಸುತ್ತ ಹೋದರೆ ಕೈ ಬಿದ್ದುಹೋದೀತು ಎಂದುಕೊಂಡಳು ಗುರುದೇವಿ. ಕೊನೆಯದು ಕಂಬದ ಗ್ರಾಫು. ಹಿಂದಿನ ಸಲ ಗೆದ್ದ ಪಕ್ಷಕ್ಕೆ ನಲವತ್ತೊಂದು ಪರ್ಸೆಂಟ್ ಬಿದ್ದಿತ್ತು, ಕಾಲಿನ್‌ನ ಪಕ್ಷಕ್ಕೆ ಹದಿನೆಂಟು. ಅವನು ಕಳಿಸಿದ ಗ್ರಾಫಿನಲ್ಲಿ ಎರಡು ಕಂಬಗಳಿಗೂ ಎರಡು ಬೆರಳಿನ ವ್ಯತ್ಯಾಸ, ಅಷ್ಟೆ. ಅಳತೆ ತಪ್ಪಿದೆಯೇನೋ ಎಂದು ಗುರುದೇವಿ ಸಂಕೋಚದಿಂದ ಕೇಳಿದಳು. ಅಂಕಿ ಸರಿಯಾಗಿಯೇ ಇದೆ ನೋಡಿ, ಕಂಬದ ಎತ್ತರ ಕಾರ್ಯಕರ್ತರ ಹುರುಪಿಗೆ ಎಂದು ಕಾಲಿನ್ ತಾಳ್ಮೆಯಿಂದ ತಿಳಿಸಿಹೇಳಿದ.

ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಮಾಡುತ್ತಿದ್ದರು. ಆದರೆ ಕಾಲಿನ್‌ಗೆ ಇನ್ನೊಂದು ಬೇಕಿತ್ತು: ಅಭ್ಯರ್ಥಿ ತನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ನೀಲಿ ಶಾಯಿಯಲ್ಲಿ ನೆರೆಹೊರೆಯವರಿಗೆ ಬರೆದಂತೆ ಕಾಣುವ ಕಾಗದ. ಅದನ್ನು ನಾಲ್ಕು ಸಾವಿರ ಪ್ರತಿ ಅಚ್ಚು ಹಾಕಿಸಿ ಮನೆಮನೆಗೆ ಹಾಕುವುದು. ಅಭ್ಯರ್ಥಿ ಹಿಲರಿ ಡಾಬ್ಸನ್, ಅರವತ್ತೊಂದು ವರ್ಷ, ಶಾಲೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಒಳ್ಳೆಯ ಹೆಂಗಸು, ಆದರೆ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಅಂಗಡಿಗೆ ಹೋಗಿ ತಾವೇ ಬರೆದ ಸಾಮಾನಿನ ಚೀಟಿ ಓದಲಾಗದೆ ಗಂಡನಿಗೆ ಫೋನು ಮಾಡುತ್ತಿದ್ದರಂತೆ.

ಲಕ್ಷ್ಮೀಪತಿಗೆ ನೀರಿನ ಫಿಲ್ಟರಿನ ಮೇಲೆ ಗುರುದೇವಿ ಅಂಟಿಸಿದ್ದ ಇಂಗ್ಲಿಷ್ ಚೀಟಿ ನೆನಪಾಯಿತು. ಮುತ್ತಿನಂಥ ಅಕ್ಷರ. ಕಾಲಿನ್ ಅದರ ಫೋಟೊ ನೋಡಿ, ಇದು ಮಕ್ಕಳ ಮಂಡಿಗೆ ಮುಲಾಮು ಹಚ್ಚಿದ ಕೈಯ ಬರಹ ಎಂದು ಖುಷಿಪಟ್ಟ.

ರೂಮಿಗೆ ಬಂದು ಹೇಳಿದಾಗ ರಕ್ಷಾ, "ಬೇರೆಯವರ ಹೆಸರಲ್ಲಿ ಕಾಗದ ಬರೆದ್ರೆ ನಮ್ಮಲ್ಲಿ ಅದಕ್ಕೊಂದು ಸೆಕ್ಷನ್ ಇದೆ ಕಣೇ" ಎಂದಳು.

"ಅಲ್ಲಿ ಅದಕ್ಕೆ ಸ್ಟ್ರಾಟಜಿ ಅಂತಾರೆ" ಎಂದಳು ಗುರುದೇವಿ.

ಕಾಗದದಲ್ಲಿ ಸ್ಥಳೀಯ ಸಮಸ್ಯೆ ಒಂದು ಇರಲಿ, ಯಾವುದಾದರೂ ಸರಿ ಎಂದು ಕಾಲಿನ್ ಹೇಳಿದ್ದ. ಗುರುದೇವಿ ಮೂರು ದಿನ ಕೂತು ವಿನ್ಸ್‌ಬಿಯ ಪತ್ರಿಕೆಯಲ್ಲಿ ಜನ ಹಾಕಿದ್ದ ಕಾಮೆಂಟುಗಳನ್ನೆಲ್ಲ ಓದಿದಳು. ಇಪ್ಪತ್ತೇಳನೇ ನಂಬರಿನ ಬಸ್ಸು ನಿಂತು ಎರಡು ವರ್ಷವಾಗಿತ್ತು. ಮುದುಕಿಯೊಬ್ಬಳು, ಆಸ್ಪತ್ರೆಯಲ್ಲಿರುವ ತಂಗಿಯನ್ನು ನೋಡಲು ವಾರವೆಲ್ಲ ಯಾರದಾದರೂ ಕಾರಿಗೆ ಕಾಯುತ್ತೇನೆ ಎಂದು ಬರೆದಿದ್ದಳು. ದಿನಾ ಬಿಸಿಲಿನಲ್ಲಿ ನಾಗರಬಾವಿಯ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತಿದ್ದ ಗುರುದೇವಿಗೆ ಇದು ತಾಗಿತು. ಪೆನ್ನು ತಾನಾಗಿಯೇ ಓಡಿತು. "ಜೂನ್ ಮುಗಿಯುವುದರೊಳಗೆ ಇಪ್ಪತ್ತೇಳನೇ ಬಸ್ಸು ನಿಮ್ಮ ಬೀದಿಗೆ ವಾಪಸ್ ಬರುತ್ತದೆ. ಇದು ನಾನು ಕೊಡುವ ಮಾತು" ಎಂದು ಬರೆದು, ಕೆಳಗೆ ಹಿಲರಿ ಎಂದು ಸಹಿ ಹಾಕಿದಳು.

ಕಾಲಿನ್ ಗ್ರಾಫನ್ನು ಮೂರು ಸಲ ತಿದ್ದಿಸಿದ್ದ, ಕಾಗದವನ್ನು ಓದಿರಲಿಲ್ಲ. ನಾಲ್ಕು ಸಾವಿರ ಮನೆಗೆ ತಲುಪಿದ ಮೇಲೆ ಓದಿ ಫೋನು ಮಾಡಿದ. ನಾವು ಬಸ್ಸಿಗಾಗಿ ಹೋರಾಡುತ್ತೇವೆ, ದನಿ ಎತ್ತುತ್ತೇವೆ, ಜನರ ಮಾತು ಆಲಿಸುತ್ತೇವೆ. ಬಸ್ಸು ಬರುತ್ತದೆ ಎಂದು ಮಾತ್ರ ಹೇಳುವುದಿಲ್ಲ. ನಮ್ಮ ಪಕ್ಷದ ನೂರು ವರ್ಷದ ಚರಿತ್ರೆಯಲ್ಲಿ ತಾರೀಕು ಕೊಟ್ಟವರಿಲ್ಲ ಎಂದ. ವಾಪಸ್ ತೆಗೆದುಕೊಳ್ಳೋಣವೇ ಎಂದು ಲಕ್ಷ್ಮೀಪತಿ ಕೇಳಿದರು. ಮಾತು ತಿರುಗಿಸಿದರು ಎಂದು ಪೇಪರಿನವರು ಬರೆಯುತ್ತಾರೆ, ಅದು ಸುಳ್ಳು ಹೇಳಿದ್ದಕ್ಕಿಂತ ದೊಡ್ಡ ಅಪರಾಧ ಎಂದ ಕಾಲಿನ್.

ಮೂರು ದಿನದಲ್ಲಿ ಎದುರಾಳಿ ಪಕ್ಷವೂ ಬಸ್ಸು ತರುವುದಾಗಿ ಹೇಳಿತು. ಇನ್ನೊಂದು ಪಕ್ಷ ಎರಡು ಬಸ್ಸು ತರುವುದಾಗಿ ಹೇಳಿತು. ರಸ್ತೆಗುಂಡಿಯನ್ನು ಕೇಳುವವರೇ ಇಲ್ಲದಂತಾಯಿತು.

ಅದೇ ವಾರ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಹಿಲರಿಯವರೇ ಗುರುದೇವಿಗೆ ಫೋನು ಮಾಡಿದರು. ಬೈಯಲಿಕ್ಕೆ ಎಂದುಕೊಂಡು ಅವಳು ಹೆದರಿ ಎತ್ತಿದಳು. ಅವರು ಮೆಲ್ಲಗೆ, ನಾನು ಬರೆದ ಕಾಗದ ನನಗೇ ಬಹಳ ಹಿಡಿಸಿತು, ಮೂವತ್ತು ವರ್ಷ ಪಕ್ಷದಲ್ಲಿದ್ದು ಇಷ್ಟು ನೆಟ್ಟಗೆ ಒಂದು ಮಾತೂ ಆಡಿರಲಿಲ್ಲ ಎಂದರು. ಆಮೇಲೆ, ತಾವು ಆ ಬಸ್ಸನ್ನು ಹತ್ತಿಯೇ ಇರಲಿಲ್ಲ, ಯಾವಾಗಲೂ ಕಾರೇ ಎಂದು ಒಪ್ಪಿಕೊಂಡರು. ಮತ ಕೇಳಲು ಹೋದಾಗ ಬಾಗಿಲಲ್ಲಿ ಜನ ಬಸ್ಸಿನ ಬಗ್ಗೆ ಕೇಳಿದರೆ ಏನು ಹೇಳಲಿ ಎಂದು ಕೇಳಿದರು.

"ಏನೂ ಹೇಳಬೇಡಿ ಮೇಡಂ" ಎಂದಳು ಗುರುದೇವಿ. "ಆ ಸ್ಟಾಪಿನಲ್ಲಿ ಹೋಗಿ ಒಂದು ಗಂಟೆ ಕೂತ್ಕೊಳ್ಳಿ. ಕಾಯೋದು ಹೇಗಿರುತ್ತೆ ಅಂತ ಗೊತ್ತಾಗುತ್ತೆ."

ಹಿಲರಿ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿ ಕೂತರು. ಒಂದು ಗಂಟೆಯಲ್ಲ, ದಿನಾ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಚುನಾವಣೆ ಮುಗಿಯುವವರೆಗೂ. ಮೊದಲು ಜನ ಇಣುಕಿ ನೋಡಿ ಹೋದರು. ಆಮೇಲೆ ಬಂದು ಪಕ್ಕದಲ್ಲಿ ಕೂತರು. ಮತ ಎಣಿಸಿದಾಗ ಹಿಲರಿ ಒಂಬತ್ತು ಮತಗಳಿಂದ ಗೆದ್ದಿದ್ದರು. ಲಕ್ಷ್ಮೀಪತಿ ಆಫೀಸಿಗೆಲ್ಲ ಮೈಸೂರು ಪಾಕು ಹಂಚಿದರು. ಗ್ರಾಫು ಕೈಹಿಡಿಯಿತು ಎಂದು ಕಾಲಿನ್ ಮೆಸೇಜು ಕಳಿಸಿದ.

ಗೆದ್ದ ಮೇಲೆ ತೊಂದರೆ ಶುರುವಾಯಿತು. ಬಸ್ಸು ಬಿಡುವ ಅಧಿಕಾರ ಊರಿನ ಕೌನ್ಸಿಲಿಗೆ ಇರಲೇ ಇಲ್ಲ, ಅದು ಮೇಲಿನ ಜಿಲ್ಲಾ ಕೌನ್ಸಿಲಿನ ಕೈಯಲ್ಲಿತ್ತು. ಕಾಲಿನ್‌ಗೆ ಇದು ಮೊದಲೇ ಗೊತ್ತಿತ್ತು. ಈಗ ಅದೇ ನೀಲಿ ಶಾಯಿಯಲ್ಲಿ ಎರಡನೇ ಕಾಗದ ಬೇಕೆಂದು ಒಕ್ಕಣೆ ಕಳಿಸಿದ. ಅದರಲ್ಲಿ ಸಮಾಲೋಚನೆ, ಪರಾಮರ್ಶೆ, ಹಂತಹಂತವಾಗಿ ಎಂಬ ಮಾತುಗಳು ತುಂಬಿದ್ದವು. ಗುರುದೇವಿ ಪೆನ್ನು ಕೆಳಗಿಟ್ಟಳು.

"ಬಸ್ಸು ಬರಲ್ಲ ಅಂತ ಬರೀರಿ ಅಂದ್ರೆ ಬರೀತೀನಿ ಸಾರ್. ಇದರಲ್ಲಿ ಬರುತ್ತೋ ಬರಲ್ವೋ ಅಂತ ನನಗೇ ಅರ್ಥ ಆಗ್ತಿಲ್ಲ."

"ಅರ್ಥ ಆಗಬಾರದು ಅಂತಾನೇ ಅಲ್ವೇನಮ್ಮಾ ಕೊಟ್ಟಿರೋದು" ಎಂದರು ಲಕ್ಷ್ಮೀಪತಿ.

ಅವಳು ಜಗ್ಗಲಿಲ್ಲ. ಪಕ್ಕದ ಮೇಜಿನ ಮುರಳೀಕೃಷ್ಣನ ಕೈಯಲ್ಲಿ ಬರೆಸಿ ನೋಡಿದರು. ಆಟೋದಲ್ಲಿ ಕೂತು ಬರೆದ ಹಾಗಿತ್ತು. ಆಗ ಎಲ್ಲರಿಗೂ ಹೊಳೆಯಿತು: ವಿನ್ಸ್‌ಬಿಯ ಕೌನ್ಸಿಲರ್ ವಿನ್ಸ್‌ಬಿಯಲ್ಲಿದ್ದರೂ ಅವರ ಅಕ್ಷರ ರಾಜಾಜಿನಗರದಲ್ಲಿತ್ತು.

ಹಿಲರಿಯವರ ಪಾಡಂತೂ ಹೇಳತೀರದು. ಯಾರದೋ ಮನೆಯಲ್ಲಿ ಸಾವಾದರೆ ನಾಲ್ಕು ಸಾಲು ಸಾಂತ್ವನ ಬರೆಯಬೇಕು, ಲೈಬ್ರರಿಗೆ ಹೋದರೆ ಅತಿಥಿಗಳ ಪುಸ್ತಕದಲ್ಲಿ ಅಭಿಪ್ರಾಯ ಬರೆಯಬೇಕು. ಆ ಚಂದದ ಕೈಬರಹ ನೋಡಿದ ಊರು ಬಿಡುತ್ತದೆಯೇ? ಅವರು ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡರು. ನರ್ಸಾಗಿದ್ದವರು, ಯಾರಿಗೂ ಅನುಮಾನ ಬರಲಿಲ್ಲ. ಮೂರು ವಾರ ಎಡಗೈಯಲ್ಲಿ ಊಟ ಮಾಡಿ ಸಾಕಾಗಿ ಮತ್ತೆ ಗುರುದೇವಿಗೆ ಫೋನು ಮಾಡಿ, ನನಗೆ ಅಕ್ಷರ ಕಲಿಸಿಕೊಡು ಎಂದರು.

ಹೀಗೆ ವಾರಕ್ಕೆ ನಾಲ್ಕು ದಿನ, ಇಪ್ಪತ್ತು ನಿಮಿಷ, ವಿಡಿಯೋ ಕಾಲಿನಲ್ಲಿ ಪಾಠ ನಡೆಯಿತು. ಗುರುದೇವಿ ಕಾಪಿಪುಸ್ತಕದ ನಾಲ್ಕು ಗೆರೆ ಎಳೆದು ತೋರಿಸುವಳು, ಅಲ್ಲಿ ಹಿಲರಿ ನಾಲಗೆ ಕಚ್ಚಿಕೊಂಡು ಬರೆಯುವರು. ಪಾಠದ ನಡುವೆ ಬಸ್ಸಿನ ಸುದ್ದಿ. ಹಿಲರಿ ಜಿಲ್ಲಾ ಕೌನ್ಸಿಲಿನ ಪ್ರತಿ ಸಭೆಗೂ ಹೋಗಿ ಕೂರತೊಡಗಿದ್ದರು. ಇವರು ಏಳುವುದಿಲ್ಲ ಎಂದು ಅಲ್ಲಿಯವರಿಗೆ ಖಾತ್ರಿಯಾದ ಮೇಲೆ, ಜೂನ್ ಬದಲು ಜುಲೈಯಿಂದ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಇಪ್ಪತ್ತೇಳನೇ ಬಸ್ಸು ಬಿಡಲು ಒಪ್ಪಿದರು.

ಈ ಸಲ ಹಿಲರಿ ಕಾಗದವನ್ನು ಸ್ವಂತ ಕೈಯಲ್ಲಿ ಬರೆದರು. "ನಾನು ಕೊಟ್ಟ ಮಾತಿನಲ್ಲಿ ಎರಡು ದಿನ ಉಳಿಸಿಕೊಂಡಿದ್ದೇನೆ, ಐದು ದಿನ ಇಲ್ಲ. ತಡವೂ ಆಯಿತು. ತಪ್ಪು ನನ್ನದು." ಅಕ್ಷರ ಅಲ್ಲಲ್ಲಿ ಗೆರೆ ಬಿಟ್ಟು ಇಳಿದಿತ್ತು, ಆದರೆ ಓದಬಹುದಿತ್ತು. ಗುರುದೇವಿ ನೋಡಿ ಒಂದಕ್ಷರವನ್ನೂ ತಿದ್ದಲಿಲ್ಲ.

ಕಾಗದ ಮನೆಗಳಿಗೆ ಹೋಗಿ ಒಂದು ವಾರವಾಗಿರಲಿಲ್ಲ, ಇದು ನಕಲಿ ಎಂದು ಗುಲ್ಲೆದ್ದಿತು. ಹಿಲರಿಯವರ ಅಕ್ಷರ ನಮಗೆ ಗೊತ್ತಿಲ್ಲವೇ, ಇದನ್ನು ಪಕ್ಷದ ಆಫೀಸಿನಲ್ಲಿ ಯಾರೋ ಗೀಚಿದ್ದಾರೆ ಎಂದರು ಜನ. ಎದುರಾಳಿಗಳು ತನಿಖೆ ಕೇಳಿದರು. ಪತ್ರಿಕೆ ಎರಡೂ ಕಾಗದವನ್ನು ಅಕ್ಕಪಕ್ಕ ಅಚ್ಚು ಹಾಕಿ ಒಬ್ಬ ಕೈಬರಹ ತಜ್ಞನನ್ನು ಕೇಳಿತು. ಮೊದಲನೆಯದು ಅಸಲಿ, ಬರೆದವರು ಪ್ರಾಮಾಣಿಕರು, ಹುಟ್ಟಿ ಬೆಳೆದ ಊರಿನ ಮೇಲೆ ಅಭಿಮಾನವುಳ್ಳವರು. ಎರಡನೆಯದು ಸಂಬಳಕ್ಕೆ ಬರೆದದ್ದು ಎಂದು ಅವನು ತೀರ್ಪು ಕೊಟ್ಟ.

ಕಾಲಿನ್ ಕಂಗಾಲಾಗಿ, ಹಿಲರಿ ಬರೆದ ಒಕ್ಕಣೆಯನ್ನೇ ಗುರುದೇವಿಯ ಕೈಯಲ್ಲಿ ಮತ್ತೆ ಬರೆಸಿ ಹಂಚೋಣ, ಆಗ ನಿಜವಾಗುತ್ತದೆ ಎಂದ. ಈ ಸಲ ಗುರುದೇವಿಗೂ ಬರೆದುಕೊಡುವ ಮನಸ್ಸಾಯಿತು, ಮಾತು ನಿಜವೇ ಆಗಿತ್ತಲ್ಲ. ಬೇಡ ಎಂದವರು ಹಿಲರಿ. ಕಾಗದ ಹಿಡಿದುಕೊಂಡು ನಲವತ್ತು ಬೀದಿ ನಡೆದು, ಬಾಗಿಲು ತೆಗೆದವರ ಎದುರು ನಿಂತು ಓದಿ ಹೇಳಿದರು. ಕೆಲವರು ನಂಬಿದರು. ಒಬ್ಬ ಮುದುಕ ಪೂರ್ತಿ ಕೇಳಿ, ನೀವು ಒಳ್ಳೆಯವರು, ಆದರೆ ನಿಮ್ಮ ಕಾಗದ ಬರೆಯುವವರನ್ನು ಮೊದಲು ಕೆಲಸದಿಂದ ತೆಗೆಯಿರಿ ಎಂದನಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಹಿಲರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗುರುದೇವಿಯೂ ನಕ್ಕಳು. ಆದರೆ ತನ್ನ ಅಕ್ಷರದ ಬಗ್ಗೆ ಅವಳಿಗೆ ಮೊದಲ ಸಲ ನಾಚಿಕೆಯಾಯಿತು.

ಸೆಪ್ಟೆಂಬರಿನಲ್ಲಿ ಕಾಲಿನ್ ಪಕ್ಷದ ಪತ್ರಿಕೆಯಲ್ಲಿ ತನ್ನ ಬಸ್ ತಂತ್ರದ ಬಗ್ಗೆ ಲೇಖನ ಬರೆದ. ಅದರ ಬೆನ್ನಿಗೇ ಬೇರೆ ಊರಿನ ಇನ್ನೊಂದು ಉಪಚುನಾವಣೆಯ ಕೆಲಸ ಬಂತು. ಈ ಸಲ ಅಭ್ಯರ್ಥಿ ಅಗ್ನಿಶಾಮಕ ದಳದಿಂದ ನಿವೃತ್ತನಾದವನು, ಅಕ್ಷರ ಸ್ವಲ್ಪ ಬಲಕ್ಕೆ ವಾಲಿರಲಿ, ಗಂಡಸಿನ ಬರಹದ ಹಾಗಿರಲಿ ಎಂದು ಕಾಲಿನ್ ತಿಳಿಸಿದ್ದ. ಗುರುದೇವಿ ಒಂದೇ ಷರತ್ತು ಹಾಕಿದಳು: ಬರೆಯುವ ಮೊದಲು ಆತ ತನಗೆ ಫೋನು ಮಾಡಬೇಕು. ಲಕ್ಷ್ಮೀಪತಿ ಹಣೆ ಚಚ್ಚಿಕೊಂಡು ಒಪ್ಪಿದರು.

ಮರುದಿನ ಮೂರೂವರೆಗೆ ಆತನ ಫೋನು ಬಂತು. ಗಡಸು ಧ್ವನಿ, ನಯವಾದ ಮಾತು. ಗುರುದೇವಿ ನಮಸ್ಕಾರ ಹೇಳಿ, ಪೆನ್ನು ಹಿಡಿದು ಕೇಳಿದಳು: "ಗೆದ್ದರೆ ನೀವು ನಿಜವಾಗಿ ಏನು ಮಾಡ್ತೀರಿ ಸಾರ್?"

ಆತ ಅಷ್ಟೇ ನಯವಾಗಿ, ಇದನ್ನು ತನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಕಾಲಿನ್‌ನನ್ನು ಕೇಳಿ ಗುರುವಾರದೊಳಗೆ ತಿಳಿಸಬಹುದೇ ಎಂದ.