ಹಸಿ ಜಾಲಿ

ತಾಂಬಾದ ಕಾಸಿಂಸಾಬನಿಗೆ ಬಾಯಿ ಜೋರು, ಕಿವಿ ಮಂದ. ಕಿವುಡನೆಂದಲ್ಲ, ಬೇಡದ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಮಗಳು ಬಾನುಬಿಯನ್ನು ಅಗರಖೇಡಕ್ಕೆ ಕೊಡುವುದು ನಿಶ್ಚಯವಾದಾಗ, ಅವಳು ಹೊಸ ಬಂಡಿಯಲ್ಲೇ ಬರುತ್ತಾಳೆ, ಆ ಬಂಡಿ ನಿಮ್ಮಲ್ಲೇ ಉಳಿಯುತ್ತದೆ ಎಂದು ಬೀಗರ ಮುಂದೆ ಹೇಳಿಬಿಟ್ಟ. ಮರುದಿನವೇ ಹೊಲದ ಬದುವಿನ ಜಾಲಿಮರ ಕಡಿಸಿ, ಬಾಲ್ಯದ ಗೆಳೆಯ ಬಡಿಗೇರ ಮಾನಪ್ಪನ ಅಂಗಳದಲ್ಲಿ ಕೆಡವಿದ.

ಮಾನಪ್ಪ ದಿಮ್ಮಿಗೆ ಉಗುರು ಒತ್ತಿ ನೋಡಿದ.

"ಕಟ್ಟಿಗಿ ಬಂಗಾರದಂಥಾದ್ದು ಐತಿ. ಆದ್ರ ಹಸಿ. ವರ್ಷಗಟ್ಟಲೆ ಬಾವಿ ನೀರಾಗ ಇರಬೇಕು, ಆಮ್ಯಾಲ ನೆರಳಾಗ ಒಣಗಬೇಕು."

"ಮದುವಿ ಬ್ಯಾಸಗ್ಯಾಗ ಐತಿ. ಸಾಗವಾನಿ ತರಬೇಕಿತ್ತು ನಾ."

"ಸಾಗವಾನಿ ಬಾಗಿಲಕ್ಕ ಚಂದ. ಹುಳಾ ಹತ್ತೂದಿಲ್ಲ, ಸೊಟ್ಟ ಆಗೂದಿಲ್ಲ. ನಮ್ಮ ಕಲ್ಲ ದಾರ್ಯಾಗ ಏಟು ತಿನ್ನಾಕ ಜಾಲೀನ ಬೇಕು. ಹಸೀದ್ರಾಗ ಗಾಲಿ ಮಾಡಿದ್ರ ಬಿಸಲಿಗೆ ಕುಗ್ಗತಾವು, ಸುತ್ತಲಿನ ಕಬ್ಬಿಣದ ಹಳಿ ಕಳಚತೈತಿ. ನಡುದಾರ್ಯಾಗ ನಮ್ಮ ಬಾನುಬಿ ಕೂಸು ಬಿದ್ದೀತೋ ಕಾಸಿಮಾ."

"ಮಾಡಾಕ ಮನಸಿಲ್ಲಂದ್ರ ಹಂಗ ಹೇಳು!"

ಕಾಸಿಂಸಾಬ ಸಿಟ್ಟಿನಿಂದ ಎದ್ದು ಹೋದ. ಚಾದಂಗಡಿಯಲ್ಲಿ ಕೂತು, "ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ" ಎಂದು ಗೆಳೆಯನನ್ನು ಊರಿಗೆಲ್ಲ ಆಡಿಕೊಂಡ. ಮಾನಪ್ಪ ಮಾತ್ರ ಕೆಲಸಕ್ಕೆ ಕೂತ. ಮದುವೆಗೆ ಮುಂಚೆಯೇ ಬಂಡಿ ಬಂತು. ಮೇಲೆ ಬೇವಿನ ಹಲಗೆ, ಕೆಳಗೆ ಕೆಂಪು ಬಣ್ಣ ಬಳಿದ ಗಾಲಿ. ಗದರಿದರೆ ಕೆಲಸ ಆಗುತ್ತದೆ ಎಂದು ಕಾಸಿಂಸಾಬ ಮೀಸೆ ತಿರುವಿದ.

ಮಗಳನ್ನು ಕೂರಿಸಿ ಹೊರಟ ಮೇಲೆ ಮಾತ್ರ ಅವನಿಗೆ ಭಯ ಹತ್ತಿತು. ಬಿಸಿಲು ಕೆಂಡ. ಕಲ್ಲಿಗೆ ಬಂಡಿ ಎಗರಿದಾಗಲೆಲ್ಲ ಅವನ ಕಣ್ಣು ಗಾಲಿಯ ಮೇಲೆ. ಹಳಿ ಜಪ್ಪಯ್ಯ ಅನ್ನಲಿಲ್ಲ. ಅಗರಖೇಡ ಮುಟ್ಟುವಷ್ಟರಲ್ಲಿ ಅವನ ಭಯ ಹೋಗಿ ಬಾಯಿ ಮರಳಿ ಬಂದಿತ್ತು.

ಊರಿಗೆ ಮರಳಿದವನು ಸೀದಾ ಮಾನಪ್ಪನ ಮನೆಗೆ ನಡೆದ.

"ಏ ಮಾನ್ಯಾ! ಕಳಚಿತೇನೋ ಹಳಿ? ಕೂದಲಷ್ಟೂ ಅಲುಗಲಿಲ್ಲ!"

ಯಾರೂ ಓಗೊಡಲಿಲ್ಲ. ಹುಡುಕುತ್ತ ಹಿತ್ತಲಿಗೆ ಹೋದ. ಅಲ್ಲಿ ಮಾನಪ್ಪನ ಸ್ವಂತ ಬಂಡಿ ಕಲ್ಲುಗಳ ಮೇಲೆ ಕೂತಿತ್ತು. ಗಾಲಿ ಇರಲಿಲ್ಲ. ಪಕ್ಕದ ಬಾವಿಗೆ ಬಗ್ಗಿ ನೋಡಿದರೆ, ತಾನು ಕಡಿಸಿ ತಂದಿದ್ದ ಅದೇ ಜಾಲಿ ದಿಮ್ಮಿ, ಹಗ್ಗ ಕಟ್ಟಿಸಿಕೊಂಡು, ಕೊಡಲಿಯ ಗಾಯದ ಸಮೇತ, ಇದ್ದಂತೆಯೇ ನೀರಲ್ಲಿ ಮುಳುಗಿತ್ತು.

ಆ ಕೆಂಪು ಬಣ್ಣದ ಕೆಳಗೆ ಇದ್ದದ್ದು ಯಾರ ಬಂಡಿಯ ಗಾಲಿ ಎಂದು ಕಾಸಿಂಸಾಬನಿಗೆ ಹೊಳೆಯಿತು. ಚಾದಂಗಡಿಯಲ್ಲಿ ಆಡಿದ ಒಂದೊಂದು ಮಾತೂ ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಯಿತು.

ಪಕ್ಕದೂರಿನ ಕೆಲಸ ಮುಗಿಸಿದ ಮಾನಪ್ಪ, ಉಳಿ ಬಾಚಿಗಳ ಗಂಟನ್ನು ತಲೆಯ ಮೇಲೆ ಹೊತ್ತು ನಡೆದುಕೊಂಡು ಬಂದ. ಬೆವರು ಒರೆಸಿಕೊಳ್ಳುವ ಮೊದಲೇ ಕೇಳಿದ:

"ಬಾನುಬಿ ಆರಾಮ ಮುಟ್ಟಿದಳೇನೋ?"

ಕಾಸಿಂಸಾಬ ಆ ಗಂಟನ್ನು ಇಳಿಸಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಮುಟ್ಟಿದಳು" ಎಂದ.