ಎಡಪಕ್ಕೆಯ ಸದ್ದು

ಮಚ್ಚೆ ಹಸುವಿನ ಮೂತಿಗೆ ಅಂಟಿದ್ದ ಹಳದಿ ಹಿಟ್ಟನ್ನು ಮನೆಯ ಕಿರಿಯವಳು ಅಂಗೈಯಿಂದ ಒರೆಸಿ ಮೂಸಿ ನೋಡಿದಳು. ಮೆಕ್ಕೆಜೋಳದ ನುಚ್ಚು. ಅದರ ಜೊತೆಗೆ ಇನ್ನೇನೋ ಹುಳಿಹುಳಿ ವಾಸನೆ. ಅವಳು ಮುಂದಿಟ್ಟ ಒಣಹುಲ್ಲನ್ನು ಹಸು ಮೂಸಲೂ ಇಲ್ಲ. ತಲೆ ತಗ್ಗಿಸಿ ನಿಂತದ್ದು, ಹಿಂಗಾಲೆತ್ತಿ ತನ್ನ ಹೊಟ್ಟೆಗೆ ತಾನೇ ಒದ್ದುಕೊಂಡಿತು.

ನುಚ್ಚಿನ ಡಬ್ಬದ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅಪ್ಪ ಅದರ ಮೇಲೆ ಯಾವಾಗಲೂ ಒಂದು ಕಲ್ಲು ಹೇರಿಡುತ್ತಿದ್ದ. ಕಲ್ಲು ಈಗ ನೆಲದ ಮೇಲಿತ್ತು.

ಅವಳು ಹಸುವಿನ ಎಡಗಡೆಗೆ ಹೋಗಿ, ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಕುಳಿಗೆ ಕಿವಿ ಹಚ್ಚಿದಳು. ಕುಳಿ ಇರಲೇ ಇಲ್ಲ, ತುಂಬಿಕೊಂಡಿತ್ತು. ಉಸಿರು ಬಿಗಿಹಿಡಿದು ಕಾದಳು. ಮನೆಯೊಳಗಿಂದ ಜನರ ಪಿಸುಮಾತು ಕೇಳಿಸಿತು. ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು. ಹಸುವಿನ ಹೊಟ್ಟೆಯೊಳಗಿಂದ ಮಾತ್ರ ಏನೂ ಇಲ್ಲ.

*

ಸ್ಕೂಲು ಬಿಟ್ಟ ವರ್ಷ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಕೊಟ್ಟಿಗೆಗೆ ಓಡುತ್ತಿದ್ದಳು. ಅಪ್ಪ ಬೈಯಲಿಲ್ಲ. ಒಂದು ದಿನ ಅವಳ ತಲೆ ಹಿಡಿದು ಮಚ್ಚೆಯ ತಾಯಿಯ ಪಕ್ಕೆಗೆ ಒತ್ತಿದ.

"ಕೇಳ್ತಾ?"

"ಏನು?"

"ಸುಮ್ನಿರು. ಕೇಳು."

ಮೊದಲು ಏನೂ ಇರಲಿಲ್ಲ. ಆಮೇಲೆ ದೂರದಲ್ಲೆಲ್ಲೋ ದೊಡ್ಡ ಪೀಪಾಯಿಯನ್ನು ನಿಧಾನಕ್ಕೆ ಉರುಳಿಸಿದಂಥ ಸದ್ದು, ಹತ್ತಿರ ಬಂದು ಹೊರಟುಹೋಯಿತು.

"ಒಳಗೆ ಹುಲ್ಲು ಮಗುಚ್ತಾ ಇದೆ," ಎಂದ ಅಪ್ಪ. "ಈ ಸದ್ದು ಇದ್ರೆ ಹಸು ಚೆನ್ನಾಗಿದೆ ಅಂತ. ಹುಲ್ಲು ಇದಕ್ಕೆ ಊಟ ಕಣೇ, ನುಚ್ಚು ಬರೀ ನೆಂಚ್ಕೊಳಕ್ಕೆ. ಒಂದೇ ಸಲ ನುಚ್ಚು ಸುರಿದ್ರೆ ಒಳಗೆಲ್ಲ ಹುಳಿ ಎದ್ದು ಸದ್ದು ನಿಂತ್ಹೋಗತ್ತೆ. ಬಾಯಿ ಕೇಳ್ತಾನೇ ಇರತ್ತೆ, ಹೊಟ್ಟೆಗೆ ಹೊಸದು ಅಭ್ಯಾಸ ಆಗಕ್ಕೆ ದಿನ ಬೇಕು."

ಹೊಸ ಮೇವು ಬಂದರೆ ಮೊದಲ ದಿನ ಒಂದು ಹಿಡಿ, ಮರುದಿನ ಎರಡು, ಹೀಗೇ ಅವನು ಏರಿಸುತ್ತಿದ್ದ. ಅದಕ್ಕೇ ಊರಿನವರು ಅವನಿಗೆ ಹಿಡಿಯಪ್ಪ ಎಂದು ಹೆಸರಿಟ್ಟಿದ್ದರು. ಹಿಡಿಯಪ್ಪನ ಹಸು ಹಾಲು ಕೊಡುವಾಗಲೂ ಎಣಿಸಿ ಕೊಡುತ್ತದಂತೆ ಎಂದು ಬ್ರೆಡ್ ಅಂಗಡಿಯವನು ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಅಪ್ಪನೂ ನಗುತ್ತಿದ್ದ. ಮರುದಿನ ಮತ್ತೆ ಅಷ್ಟೇ ಹಿಡಿ.

*

ಮುಂದಿನ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಹಿಂದಿನ ದಿನ ಊಟ ಮುಗಿಸಿ ಗೋಡೆಗೆ ಒರಗಿದವನು ಹಾಗೇ ಹೋಗಿಬಿಟ್ಟಿದ್ದ. ಬಿಳಿ ಬಟ್ಟೆಯ ಹೊರಗೆ ಕೈಗಳು ಮಾತ್ರ ಕಾಣುತ್ತಿದ್ದವು. ಉಗುರಿನ ಸಂದಿಯ ಬೂಸಾ ಎಷ್ಟು ತಿಕ್ಕಿದರೂ ಹೋಗಲಿಲ್ಲವೆಂದು ತೊಳೆದವರು ಹೇಳಿದ್ದರು.

ಕಿರಿಯವಳು ಬಾಗಿಲಲ್ಲಿ ನಿಂತಳು. ಕೋಣೆಯ ತುಂಬ ಜನ. ಅವಳು ಎಂದಿನಂತೆ ನೆಲ ನೋಡಿದಳು.

"ಎಲ್ಲಿಗೆ ಹೋಗಿದ್ದೆ? ಎತ್ತೋ ಹೊತ್ತಾಯ್ತು," ಎಂದ ಅಣ್ಣ. ದೂರದ ಊರಿನಲ್ಲಿ ಬಸ್ಸು ಓಡಿಸುವ ಅವನು ಸುದ್ದಿ ಕೇಳಿ ರಾತ್ರಿಯೇ ಬಂದಿದ್ದ. ಕಣ್ಣು ಕೆಂಪಾಗಿದ್ದವು.

"ಮಚ್ಚೆಗೆ ಯಾರಾದ್ರೂ ನುಚ್ಚು ಹಾಕಿದ್ರಾ?"

ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಅಣ್ಣ "ಆಂ?" ಎಂದ. ಅವಳು ಮತ್ತೆ ಕೇಳಿದಳು. ಈ ಸಲ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಾನೇ ಹಾಕ್ದೆ," ಎಂದ ಅಣ್ಣ. "ರಾತ್ರಿ ಬಂದವನೇ ನೋಡ್ದೆ, ಕೂಗ್ತಾ ಇತ್ತು. ಅಪ್ಪ ಇಲ್ವಲ್ಲ, ಯಾರೂ ಏನೂ ಹಾಕಿಲ್ಲ ಅಂದ್ಕೊಂಡು ಒಂದು ಬಕೆಟ್ ಇಟ್ಟೆ."

"ಅಯ್ಯೋ, ಬೆಳಗ್ಗೆ ನಾನೂ ಇಟ್ನಲ್ಲೋ," ಎಂದಳು ದೊಡ್ಡಮ್ಮ. ಅವಳು ಅಮ್ಮನ ಅಕ್ಕ. ಅಮ್ಮ ಹೋದಮೇಲೆ ಈ ಮನೆಗೆ ಕಾಲಿಟ್ಟದ್ದೇ ಕಡಿಮೆ. "ಇಟ್ಟಿದ್ದನ್ನೆಲ್ಲ ಗಬಗಬ ತಿಂತು. ಎಷ್ಟು ವರ್ಷದ ಹಸಿವೋ ಏನೋ ಪಾಪ."

ಬ್ರೆಡ್ ಅಂಗಡಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾನೂ ಒಂದು ಚೀಲ ನಿನ್ನೆಯ ಬ್ರೆಡ್ ತಂದಿದ್ದೆ ಕಣಮ್ಮ. ಅವನಿದ್ದಾಗ ಎಷ್ಟು ಸಲ ಕೊಡಕ್ಕೆ ಹೋಗಿದೀನಿ, ತೊಗೋತಾನೇ ಇರ್ಲಿಲ್ಲ. ಇವತ್ತು ಬೇಡ ಅನ್ನೋರು ಯಾರೂ ಇರ್ಲಿಲ್ಲ…" ಎಂದು ಅಲ್ಲಿಗೇ ನಿಲ್ಲಿಸಿದ.

"ಅದು ಸಾಯತ್ತೆ," ಎಂದಳು ಕಿರಿಯವಳು. "ಗಬ್ಬ ಬೇರೆ. ಹೊಟ್ಟೆ ನಿಂತ್ಹೋಗಿದೆ."

"ಬಿಡ್ತು ಅನ್ನು! ಹೊಟ್ಟೆ ತುಂಬ ತಿಂದ್ರೆ ಯಾರಾದ್ರೂ ಸಾಯ್ತಾರಾ?" ದೊಡ್ಡಮ್ಮನ ದನಿ ಏರಿತು. "ನಾನು ಪ್ರೀತಿಯಿಂದ ಕೊಟ್ಟಿದ್ದು!"

"ಎಲ್ರೂ ಪ್ರೀತಿಯಿಂದ್ಲೇ ಕೊಟ್ಟಿದ್ದು ದೊಡ್ಡಮ್ಮ. ಆದ್ರೆ ಅದಕ್ಕಿರೋದು ಒಂದೇ ಹೊಟ್ಟೆ."

ಅವಳು ಇಷ್ಟುದ್ದ ಮಾತಾಡಿದ್ದನ್ನು ಅಲ್ಲಿದ್ದವರಲ್ಲಿ ಅರ್ಧ ಜನ ಕೇಳಿಯೇ ಇರಲಿಲ್ಲ.

ಅಣ್ಣ ಪಶುವೈದ್ಯೆಗೆ ಫೋನು ಹಚ್ಚಿ ತಂಗಿಯ ಕೈಗೆ ಕೊಟ್ಟ. ವೈದ್ಯೆ ಇನ್ನೊಂದು ಊರಿನಲ್ಲಿದ್ದಳು. ಅಲ್ಲಿ ಹೆರಿಗೆಯಲ್ಲಿ ಅಡ್ಡ ಸಿಕ್ಕಿದ ಕರುವನ್ನು ಎಳೆಯುತ್ತಿದ್ದಳು. "ಈಗ್ಲೇ ನೋಡಿದ್ದು ಒಳ್ಳೇದಾಯ್ತು. ಅಡುಗೆ ಸೋಡಾ ನೀರಲ್ಲಿ ಕದಡಿ ಕುಡಿಸು, ಬಾಯಿ ಪಕ್ಕದಿಂದ, ಸ್ವಲ್ಪಸ್ವಲ್ಪ. ಮಲಗಕ್ಕೆ ಬಿಡ್ಬೇಡ, ನಡೆಸ್ತಾನೇ ಇರು. ಮಲಗ್ತು ಅಂದ್ರೆ ಕಷ್ಟ. ನಾನು ಇಲ್ಲಿ ಮುಗಿದ ತಕ್ಷಣ ಬರ್ತೀನಿ."

"ಸೋಡಾ ನನ್ನ ಅಂಗಡೀಲಿ ಡಬ್ಬಗಟ್ಲೆ ಇದೆ," ಎಂದು ಬ್ರೆಡ್ಡಿನವನು ಆಗಲೇ ಬಾಗಿಲು ದಾಟಿದ್ದ. ಆ ದಪ್ಪ ಮನುಷ್ಯ ಓಡಿದ್ದನ್ನು ಬೀದಿಯವರು ಅಂದೇ ಮೊದಲು ನೋಡಿದ್ದು.

"ನಡೆಸೋದಕ್ಕೆ ಬೇರೆ ಯಾರನ್ನಾದ್ರೂ ಬಿಟ್ಟು ಹೋಗೋಣ," ಎಂದ ಅಣ್ಣ ತಗ್ಗಿದ ದನಿಯಲ್ಲಿ. "ನೀನು ಬಾ. ಅಪ್ಪನಿಗೆ ಮಣ್ಣು ಹಾಕ್ಬೇಕಲ್ವಾ."

ಅವಳು ಮಲಗಿದ್ದ ಅಪ್ಪನ ಕೈಗಳನ್ನು ನೋಡಿದಳು. ಬಲಗೈಯ ಬೆರಳುಗಳು ಒಳಮುಖವಾಗಿ ಬಾಗಿ, ಏನನ್ನೋ ಹಿಡಿಯಲ್ಲಿ ಅಳೆಯುತ್ತಿದ್ದಂತೆಯೇ ಇದ್ದವು. ಆ ಕೈಯನ್ನು ಒಮ್ಮೆ ಮುಟ್ಟಿದಳು.

"ಬೇರೆಯವರಿಗೆ ಅದರ ಸದ್ದು ಗೊತ್ತಾಗಲ್ಲ ಅಣ್ಣ. ನೀವು ಹೋಗಿ."

"ಹೆತ್ತ ಅಪ್ಪನಿಗಿಂತ ಹಸು ಹೆಚ್ಚಾಯ್ತೇನೇ ನಿಂಗೆ?" ಎಂದಳು ದೊಡ್ಡಮ್ಮ. ಕಿರಿಯವಳು ಹಿತ್ತಲಿಗೆ ಹೋದಳು.

*

ಅಮ್ಮ ದೊಡ್ಡ ಜ್ವರದಿಂದ ಎದ್ದ ಸಲ ದೊಡ್ಡಮ್ಮ ಪಾತ್ರೆ ತುಂಬ ಗಂಜಿ ಮಾಡಿಕೊಂಡು ಬಂದಿದ್ದಳು. ವಾರಗಟ್ಟಲೆ ನೀರಲ್ಲೇ ಇದ್ದ ಅಮ್ಮ ಅದರ ವಾಸನೆಗೇ ಕೈ ಚಾಚಿದಳು. ಅಪ್ಪ ಪಾತ್ರೆಯನ್ನು ಇಸಿದುಕೊಂಡು, ಎರಡು ಚಮಚ ಕುಡಿಸಿ, ಉಳಿದದ್ದನ್ನು ಮುಚ್ಚಿಟ್ಟ.

"ಇನ್ನೊಂದು ಚೂರು," ಎಂದಳು ಅಮ್ಮ.

"ಸಂಜೆಗೆ."

"ನನ್ನ ತಂಗೀನೂ ನಿನ್ನ ಕೊಟ್ಟಿಗೇಲಿ ಕಟ್ಟಿದೀಯಾ?" ಎಂದು ದೊಡ್ಡಮ್ಮ ಕಿರುಚಿದ್ದಳು. "ಹೆಂಡ್ತಿ ಹೊಟ್ಟೆಗೂ ಲೆಕ್ಕ ಇಡೋ ಗಂಡನ್ನ ನಾನು ಎಲ್ಲೂ ನೋಡಿಲ್ಲ!"

ದೊಡ್ಡಮ್ಮ ಖಾಲಿಯಾಗದ ಪಾತ್ರೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಅಪ್ಪ ಸಂಜೆ ಮೂರು ಚಮಚ ಕುಡಿಸಿದ. ಮರುದಿನ ಅರ್ಧ ಬಟ್ಟಲು. ಚಮಚ ಕೆಳಗಿಟ್ಟ ಮೇಲೆ ಅಮ್ಮನ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದ. ಅಮ್ಮನಿಗೆ ಕಚಗುಳಿಯಾಗಿ ನಗು ಬರುತ್ತಿತ್ತು. ಅಮ್ಮ ಎದ್ದು ಓಡಾಡಿದಳು, ಇನ್ನೂ ಎಷ್ಟೋ ವರ್ಷ ಬದುಕಿದಳು. ಅವಳು ನಕ್ಕದ್ದು ಮಾತ್ರ ದೊಡ್ಡಮ್ಮನಿಗೆ ಯಾರೂ ಹೇಳಲಿಲ್ಲ.

*

ಅಪ್ಪನನ್ನು ಎತ್ತಿದಾಗ ಕಿರಿಯವಳು ಹಿತ್ತಲಿನಲ್ಲಿ ಮಚ್ಚೆಯ ಹಗ್ಗ ಹಿಡಿದು ನಡೆಯುತ್ತಿದ್ದಳು. ಮೈಯೆಲ್ಲ ಸೋಡಾ ನೀರು. ಬಾಟಲಿಯಿಂದ ಕುಡಿಸುವಾಗ ಬ್ರೆಡ್ಡಿನವನು ಕೊರಳು ಹಿಡಿದುಕೊಂಡಿದ್ದ. ಹಸು ತಲೆ ಕೊಡವಿದ ರಭಸಕ್ಕೆ ಅವನ ಟೋಪಿ ಗಂಜಲದಲ್ಲಿ ಬಿದ್ದಿತ್ತು. "ಹೋಗ್ಲಿ ಬಿಡು," ಎಂದು ಬರಿತಲೆಯಲ್ಲೇ ಹೆಗಲು ಕೊಡಲು ಹೋಗಿದ್ದ.

ಬೀದಿಯ ಕೊನೆಯ ಎರಡು ಮನೆಗಳ ಸಂದಿಯಲ್ಲಿ ಮೆರವಣಿಗೆ ಒಂದು ಕ್ಷಣ ಕಾಣಿಸಿತು. ಬಿಳಿ ಬಟ್ಟೆ, ಹೆಗಲುಗಳು, ಹಿಂದೆ ತಲೆಗಳು. ಅವಳು ನಿಂತಳು. ನಿಂತದ್ದೇ ತಡ, ಮಚ್ಚೆ ಮುಂಗಾಲು ಮಡಿಸತೊಡಗಿತು.

"ಏಳೇ! ಏಳು! ಮಲಗ್ಬೇಡ್ವೇ ತಾಯಿ!"

ಅವಳು ಹಗ್ಗ ಜಗ್ಗಿದಳು, ಭುಜ ಕೊಟ್ಟು ನೂಕಿದಳು, ಅಳುತ್ತಲೇ ನೂಕಿದಳು. ಹಸು ನರಳಿ, ಮತ್ತೆ ಕಾಲೂರಿ ಹೆಜ್ಜೆ ಎತ್ತಿತು. ಅವಳು ತಲೆಯೆತ್ತಿ ನೋಡಿದಾಗ ಸಂದಿಯಲ್ಲಿ ಬರೀ ಬೀದಿ ಇತ್ತು.

ಮತ್ತೆ ನಡೆದಳು. ಬಾವಿಯಿಂದ ಬೇಲಿಯವರೆಗೆ, ಬೇಲಿಯಿಂದ ಬಾವಿಯವರೆಗೆ. ನಡುನಡುವೆ ಕಿವಿ ಹಚ್ಚಿದಳು. ವೈದ್ಯೆ ಬಂದು ಚುಚ್ಚುಮದ್ದು ಕೊಟ್ಟು, ಗರ್ಭ ಮುಟ್ಟಿ ನೋಡಿ, "ಕರು ಅಲ್ಲಾಡ್ತಾ ಇದೆ. ಹೊಟ್ಟೆ ಶುರುವಾಗ್ಬೇಕು, ಅಲ್ಲಿವರೆಗೂ ನಾನೂ ಏನೂ ಹೇಳಕ್ಕಾಗಲ್ಲ," ಎಂದು ಕಟ್ಟೆಯ ಮೇಲೆ ಕೂತಳು.

ಮಣ್ಣಿಗೆ ಹೋದವರು ಮುಗಿಸಿ ಹಿಂದಿರುಗಿದರು. ಯಾರೂ ಒಳಗೆ ಹೋಗಲಿಲ್ಲ. ಒಬ್ಬೊಬ್ಬರಾಗಿ ಹಿತ್ತಲಿಗೆ ಬಂದು ಬೇಲಿಯ ಪಕ್ಕ ನಿಂತರು. ಅಣ್ಣ ಅವಳ ಕೈಯಿಂದ ಹಗ್ಗ ತೆಗೆದುಕೊಂಡ.

"ನೀನು ಹಾಕಕ್ಕೆ ಅಂತ ಗುಂಡಿ ಪಕ್ಕದಲ್ಲಿ ಸ್ವಲ್ಪ ಮಣ್ಣು ಬಿಟ್ಟು ಬಂದಿದೀವಿ," ಎಂದ. "ದೊಡ್ಡಮ್ಮಾನೇ ಹೇಳಿದ್ದು. ಪೂರ್ತಿ ಮುಚ್ಬೇಡಿ ಅಂತ ಜಗಳಾನೇ ಮಾಡಿದ್ಲು."

ದೊಡ್ಡಮ್ಮ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಕೈಯ ಮಣ್ಣು ಇನ್ನೂ ತೊಳೆದಿರಲಿಲ್ಲ.

ಕಿರಿಯವಳು ಮತ್ತೆ ಎಡಪಕ್ಕೆಗೆ ಕಿವಿ ಹಚ್ಚಿದಳು. ಬೇಲಿಯ ಬಳಿ ಕೆಮ್ಮುತ್ತಿದ್ದವನು ಕೆಮ್ಮನ್ನು ನುಂಗಿಕೊಂಡ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ, ಪೀಪಾಯಿ ಒಂದು ಸುತ್ತು ಉರುಳಿ ನಿಂತಿತು. ಅವಳು ಕಣ್ಣು ತೆರೆಯಲಿಲ್ಲ. ಮತ್ತೊಮ್ಮೆ ಉರುಳಿತು.

ಅವಳು ಕೈ ಮಾಡಿ ದೊಡ್ಡಮ್ಮನನ್ನು ಕರೆದಳು. ದೊಡ್ಡಮ್ಮ ಅನುಮಾನಿಸುತ್ತ ಬಂದು, ಬಗ್ಗಿ, ಕೂದಲು ಸರಿಸಿ ಕಿವಿಯಿಟ್ಟಳು. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು. ತುಂಬ ಹೊತ್ತು ಹಾಗೇ ಇದ್ದಳು.

ಎದ್ದಾಗ ಅವಳ ಕೆನ್ನೆಗೆ ಹಸುವಿನ ರೋಮ ಅಂಟಿತ್ತು. ನೇರ ಹುಲ್ಲಿನ ಬಣವೆಗೆ ಹೋದಳು. ಒಂದು ತಬ್ಬು ಹುಲ್ಲು ಎಳೆದುಕೊಂಡು, ಏನೋ ನೆನಪಾದವಳಂತೆ ನಿಂತು, ಎಲ್ಲವನ್ನೂ ಅಲ್ಲೇ ಹಾಕಿದಳು. ಅದರಿಂದ ಒಂದು ಹಿಡಿ ತೆಗೆದುಕೊಂಡು ಕಿರಿಯವಳ ಮುಂದೆ ಚಾಚಿದಳು.

"ಇಷ್ಟು ಕೊಡ್ಬಹುದಾ?"

ಕಿರಿಯವಳು ಅದರಲ್ಲಿ ನಾಲ್ಕೈದು ಎಳೆ ತೆಗೆದು, "ಹೂಂ" ಎಂದಳು.

ದೊಡ್ಡಮ್ಮನ ಮಣ್ಣು ಮೆತ್ತಿದ ಕೈಯಿಂದ ಹಸು ಹುಲ್ಲನ್ನು ಒಂದೊಂದೇ ಎಳೆಯಾಗಿ ಸೆಳೆದುಕೊಂಡಿತು. ನುಂಗಿತು. ಸುಮ್ಮನೆ ನಿಂತಿತು. ಬೇಲಿಯಾಚೆ ಬೆಳಕು ಇಳಿಯುತ್ತಿತ್ತು, ಯಾರೂ ಕದಲಲಿಲ್ಲ. ಕತ್ತಿನ ಬುಡದಲ್ಲಿ ಚರ್ಮದ ಕೆಳಗೆ ಮೆಲುಕಿನ ಒಂದು ಉಂಡೆ ಮೂಡಿ, ಕೊರಳುದ್ದಕ್ಕೂ ಮೇಲೇರಿ ಬಾಯಿ ಸೇರಿತು. ಮಚ್ಚೆಯ ಕೆಳದವಡೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಯಿತು.